ತವರಿನಲ್ಲಿ ಬಂದ್ ಆದ ಟಿವಿ

ಡಿಶ್ ಕಂಪನಿಯ ಕಡೆಯಿಂದ ಟಿವಿ ರಿಪೇರಿಗೆಂದು ಪಾರಿಶ್ವಾಡದ ಒಂದು ಮನೆಗೆ ಹೋಗಿದ್ದೆ. ಬಾಣಂತನಕ್ಕೆ ತವರಿಗೆ ಬಂದ ಆ ಮನೆಯ ಮಗಳು ಬೆಳಗಾವಿಯ ಗಂಡನ ಮನೆಯಿಂದ ತನ್ನ ಸೆಟ್‌ಟಾಪ್ ಬಾಕ್ಸನ್ನೂ ತಂದಿದ್ದಳು. ಹಚ್ಚಿದರೆ ಪರದೆಯ ಮೇಲೆ ಒಂದೇ ಸಾಲು: “ಇದು ನಿಮ್ಮ ಮನೆಯಲ್ಲ.”

ಈ ಹೊಸ ನಮೂನೆಯ ಬಾಕ್ಸಿನೊಳಗೆ ಜಿಪಿಎಸ್ ಇದೆ, ಬರೆಸಿದ ವಿಳಾಸ ಬಿಟ್ಟು ಒಯ್ದರೆ ಉಪಗ್ರಹದಿಂದ ಗೊತ್ತಾಗಿ ಚಾನೆಲ್ ಬಂದ್ ಆಗುತ್ತವೆ ಎಂದು ಅವಳ ತಾಯಿಗೆ ಹೇಳಿದೆ.

“ಆಕಿ ಹುಟ್ಟಿದ್ದ ಈ ಖೋಲ್ಯಾಗ ರೀ!”

ಆಫೀಸಿಗೆ ಫೋನ್ ಹಚ್ಚಿದೆ. ಮಗಳ ಹೆಸರಲ್ಲಿ ಇಲ್ಲಿಯ ವಿಳಾಸದ ಪುರಾವೆ ಬೇಕಂತೆ. ಆಧಾರ್‌ನಲ್ಲಿರುವುದು ಗಂಡನ ಮನೆ. ನನಗೇ ಸಿಟ್ಟು ನೆತ್ತಿಗೇರಿತು, ಆದರೆ ಮೈಮೇಲೆ ಕಂಪನಿಯ ಅಂಗಿ.

ತಾಯಿ ವೈರು ಕಿತ್ತು ಬಾಕ್ಸನ್ನು ನನ್ನ ಕೈಗಿಟ್ಟರು. ಆಗ ಅವರು ಅಂದದ್ದನ್ನೇ ದೂರಿನ ಫಾರಂನಲ್ಲಿ ಅಕ್ಷರ ಬಿಡದೆ ಬರೆದೆ:

“ಲಗ್ನ ಆದಾಕಿಗೆ ತವರು ನಿಂದಲ್ಲ ಅಂತ ಹೇಳಾಕ ಊರ ಮಂದಿ ಸಾಲಲಿಲ್ಲಂತ, ಆಕಾಶದಾಗೂ ಒಂದನ್ನ ಕುಂದರ್ಸೀರೇನ್ರಿ?”