ನಡೆಯದೇ ಹೋದ ಪಂದ್ಯಗಳು

ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಕಾಮೆಂಟ್ರಿ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಮಾಡುವ ಕೆಲಸ ಲಿಫ್ಟ್ ರಿಪೇರಿ. ಆದರೆ ಭಾನುವಾರ ಬೆಳಿಗ್ಗೆ ಮಕ್ಕಳ ಫುಟ್‌ಬಾಲ್ ಮೈದಾನದ ಗೆರೆಯಾಚೆ ನಾವು ಅಪ್ಪ ಅಮ್ಮಂದಿರು ನಿಂತಿದ್ದಾಗ ಅವರು ಬಾಯಿ ತೆರೆದರೆಂದರೆ ಮುಗಿಯಿತು. ಕಣ್ಣೆದುರಿಗೆ ನಡೆಯುತ್ತಿದ್ದ ಪಂದ್ಯವನ್ನು ಬಿಟ್ಟು ಅವರ ಬಾಯಲ್ಲಿ ನಡೆಯುವ ಪಂದ್ಯವನ್ನೇ ನೋಡುತ್ತಿದ್ದೆವು. ನನ್ನ ಮಗನೂ ಅದೇ ಕ್ಲಬ್ಬಿನಲ್ಲಿ ಆಡುತ್ತಿದ್ದ. ಆಡುತ್ತಿದ್ದ ಎನ್ನುವುದು ದೊಡ್ಡ ಮಾತಾಯಿತು. ಚೆಂಡು ಬಂದರೆ ಪಕ್ಕಕ್ಕೆ ಸರಿದು ಅದಕ್ಕೆ ದಾರಿ ಬಿಡುತ್ತಿದ್ದ. ಯಾವ ಕಾಲೇಜಿನ ತಂಡಕ್ಕೆ ಕಳಿಸುವುದು ಎಂಬ ತಲೆಬಿಸಿಯನ್ನು ಆ ಪುಣ್ಯಾತ್ಮ ನನಗೆ ಕೊಡಲೇ ಇಲ್ಲ.

ಕಾಮೆಂಟ್ರಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಗೋಲ್‌ಕೀಪರ್‌ಗಳು. ದೊಡ್ಡವಳು ಶಾಲೆ ಮುಗಿಸುವ ವರ್ಷ ಎರಡು ಕಾಲೇಜುಗಳಿಂದ ಕರೆ ಬಂತು. ಒಂದು ಸಣ್ಣ ಕಾಲೇಜು. ಅದರ ಕೋಚ್ ಮನೆಗೇ ಬಂದು, ಕೊಟ್ಟ ಚಹಾ ಕುಡಿದು, "ಮೊದಲನೇ ವರ್ಷದಿಂದಲೇ ಗೋಲ್ ಇವಳದ್ದೇ" ಎಂದು ಮಾತು ಕೊಟ್ಟು ಹೋದರು. ಇನ್ನೊಂದು ಹೆಸರುವಾಸಿ ಕಾಲೇಜು. ಸ್ವಂತ ಸ್ಟೇಡಿಯಂ, ಎತ್ತರದ ದೀಪಗಳು, ಆಡಿದವರ ಫೋಟೋಗಳಿಂದ ತುಂಬಿದ ಗೋಡೆ. ಅಲ್ಲಿಂದ ಯಾರೂ ಮನೆಗೆ ಬರಲಿಲ್ಲ, ಇವರೇ ಹೋಗಿ ನೋಡಿ ಬಂದರು. ನೋಡಿದ್ದೇನು? ಮೈದಾನದಲ್ಲಿ ಆಡುತ್ತಿದ್ದವರನ್ನು. ಬೆಂಚಿನ ಮೇಲೆ ಕೂತವರ ಕಡೆ ಯಾವ ಹೆತ್ತವರು ತಿರುಗಿ ನೋಡುತ್ತಾರೆ? ಫುಟ್‌ಬಾಲಿನಲ್ಲಿ ಮಿಕ್ಕವರನ್ನು ಆಟದ ನಡುವೆ ಬದಲಾಯಿಸುತ್ತಾರೆ. ಗೋಲ್‌ಕೀಪರ್ ಕೈಕಾಲು ಮುರಿದುಕೊಳ್ಳುವವರೆಗೆ ಜಾಗ ಬಿಡುವುದಿಲ್ಲ. ಅಂಥ ತಂಡದಲ್ಲಿ ಇವರ ಮಗಳು ಮೂರನೆಯ ಕೀಪರ್. ಇದನ್ನು ಹೇಳಿದವರ ಮೇಲೆಲ್ಲ ಕಾಮೆಂಟ್ರಿ ರೇಗಿದರು. "ನನ್ನ ಮಗಳನ್ನ ಒಂದು ಸಲ ಆಡ್ಸಿ ನೋಡ್ಲಿ, ಆಮೇಲೆ ಅವಳನ್ನ ಎಬ್ಬಿಸೋಕೆ ಯಾರಿಂದಾಗುತ್ತೆ?" ಎನ್ನುತ್ತ ಅವಳನ್ನು ಆ ದೊಡ್ಡ ಕಾಲೇಜಿಗೇ ಸೇರಿಸಿದರು.

ಅವರ ಹೆಂಡತಿಗೆ ರಜಾದಿನಗಳಲ್ಲಿ ಮಾತ್ರ ಲಾಂಡ್ರಿಯಲ್ಲಿ ಸಂಜೆ ಪಾಳಿ. ಆದ್ದರಿಂದ ಭಾನುವಾರ ಸಂಜೆ ಹಾಸ್ಟೆಲಿಗೆ ಫೋನ್ ಮಾಡುವುದು ಅಪ್ಪನ ಕೆಲಸ. ಮಗಳು ಫೋನ್ ಎತ್ತಿದ ಕೂಡಲೇ ಅವರ ಬಾಯಿಂದ ಬರುತ್ತಿದ್ದ ಮಾತು, "ಆಡ್ಸಿದ್ರಾ?"

ಕೆಲವು ತಿಂಗಳು "ಇಲ್ಲ ಅಪ್ಪ" ಎಂಬ ಉತ್ತರ ಬಂತು. ಆ ದಿನಗಳಲ್ಲಿ ಕಾಮೆಂಟ್ರಿ ಮೈದಾನಕ್ಕೆ ಬಂದು ಸುಮ್ಮನೆ ಒಂದು ಮೂಲೆ ಹಿಡಿದು ನಿಲ್ಲುತ್ತಿದ್ದರು. ಆಮೇಲೊಂದು ಭಾನುವಾರ "ಆಡ್ಸಿದ್ರು" ಎಂಬ ಉತ್ತರ ಬಂತು ನೋಡಿ, ನಮ್ಮ ಬೀದಿಗೇ ಹಬ್ಬ. ಅಲ್ಲಿಂದ ವಾರಕ್ಕೊಂದು ಪಂದ್ಯ. ಮಳೆಯಲ್ಲಿ ನಡೆದದ್ದಂತೂ ನನಗೂ ಬಾಯಿಪಾಠ. ಆಟ ಮುಗಿಯುವ ಗಳಿಗೆಯಲ್ಲಿ ಪೆನಾಲ್ಟಿ. ಒದೆಯುವ ಹುಡುಗಿ ಎಡಗಾಲಿನವಳು, ಓಡಿ ಬರುವಾಗ ಒಮ್ಮೆ ಜಾರಿ ಸಾವರಿಸಿಕೊಂಡಳು. ದೊಡ್ಡವಳು ಬಲಕ್ಕೆ ಹಾರಿದಳು, ಚೆಂಡು ಬೆರಳ ತುದಿಗೆ ತಾಗಿ ಕಂಬಕ್ಕೆ ಬಡಿದು ಹೊರಗೆ ಹೋಯಿತು. ಊಟಕ್ಕೆ ಕೂತಾಗ ನನ್ನ ಮಗನಿಗೆ ಇದನ್ನು ಹೇಳಿ, "ನೋಡಿ ಕಲಿ" ಎಂದು ಬೈದಿದ್ದೆ ಕೂಡ.

ಒಂದು ದಿನ ದೊಡ್ಡವಳು ಗಂಟುಮೂಟೆ ಕಟ್ಟಿಕೊಂಡು ಮನೆಗೆ ಬಂದಳು. "ಸಾಕು" ಎಂದಳಂತೆ, ಅಷ್ಟೇ. ಇಲ್ಲಿಯ ಕಾಲೇಜಿನಲ್ಲೇ ಓದು ಮುಗಿಸಿ ನನ್ನ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಸೇರಿದಳು. ಚೆಂಡು ಮುಟ್ಟಲಿಲ್ಲ. ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ, ಕಾಮೆಂಟ್ರಿಯ ಕಾಮೆಂಟರಿ ನಿಂತೇಹೋಯಿತು. ಅಡ್ಡಹೆಸರು ಮಾತ್ರ ಉಳಿಯಿತು, ಅದನ್ನು ಹೇಳುವಾಗ ನಗುವವರು ಇಲ್ಲವಾದರು.

ಅಂಗಡಿಯಲ್ಲಿ ಅವಳದ್ದು ನಿಶ್ಶಬ್ದದ ಕೆಲಸ. ಯಾವಾಗ ಬಂದಳು, ಯಾವಾಗ ಗಾಜಿನ ಕಪಾಟುಗಳನ್ನೆಲ್ಲ ಒರೆಸಿದಳು ಎಂದು ನನಗೇ ತಿಳಿಯುತ್ತಿರಲಿಲ್ಲ. ಕೆಲವು ಸಲ ತಿರುಗಿ ನೋಡಿದರೆ ಬೆನ್ನ ಹಿಂದೆಯೇ ನಿಂತಿರುತ್ತಿದ್ದಳು. ಒಮ್ಮೆ ಗಿರಾಕಿಯೊಬ್ಬರ ಕೈಯಿಂದ ಫ್ರೇಮು ಜಾರಿತು. ಅವಳು ಆ ಕಡೆ ನೋಡುತ್ತಲೂ ಇರಲಿಲ್ಲ, ಕೈ ತಾನೇ ಹೋಗಿ ನೆಲ ಮುಟ್ಟುವ ಮುಂಚೆ ಹಿಡಿಯಿತು. ಗಿರಾಕಿ "ಅಬ್ಬಾ!" ಎಂದರು. ಅವಳ ಮುಖ ಕಪ್ಪಿಟ್ಟಿತು. ಕದ್ದು ಸಿಕ್ಕಿಬಿದ್ದವಳ ಹಾಗೆ ಫ್ರೇಮನ್ನು ಮೇಜಿನ ಮೇಲಿಟ್ಟು ಒಳಗೆ ಹೋದವಳು ತುಂಬ ಹೊತ್ತು ಹೊರಗೆ ಬರಲಿಲ್ಲ.

ಅವಳು ಊಟಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಕಾಮೆಂಟ್ರಿ ಓದುವ ಕನ್ನಡಕ ಮಾಡಿಸಲು ಬಂದರು. ಅಕ್ಷರದ ಹಲಗೆ ಓದಿಸಿದೆ. ನಡುವೆ ನಿಲ್ಲಿಸಿ, "ಮೇಡಂ, ನಾನು ಒಂದ್ಸಲ ಹೇಳ್ದೆ ಕೇಳ್ದೆ ಅವಳ ಆಟ ನೋಡೋಕೆ ಹೋಗಿದ್ದೆ" ಎಂದರು.

ಆ ಕಾಲೇಜಿದ್ದ ಊರಿನ ಆಸ್ಪತ್ರೆಯೊಂದರ ಲಿಫ್ಟ್ ಕೆಟ್ಟು ಇವರಿಗೆ ಕರೆ ಬಂದಿತ್ತಂತೆ. ಕೆಲಸ ಬೇಗ ಮುಗಿಯಿತು. ಮಗಳಿಗೆ ಗೊತ್ತಾಗದ ಹಾಗೆ ಹೋಗಿ ಸ್ಟೇಡಿಯಂನಲ್ಲಿ ಕೂತರು. ಕೂತದ್ದು ಈ ತುದಿ, ಗೋಲ್ ಇದ್ದದ್ದು ಆ ತುದಿ. ಅಲ್ಲಿ ಅದೇ ಎತ್ತರ, ಅದೇ ಹಸಿರು ಜೆರ್ಸಿ, ಎಳೆದು ಕಟ್ಟಿದ ಜುಟ್ಟು. ಅವಳು ಚೆಂಡು ಹಿಡಿದಾಗಲೆಲ್ಲ ಇವರು ಎದ್ದುನಿಂತು ಗಂಟಲು ಹರಿಯುವ ಹಾಗೆ, "ಭೇಷ್ ಮಗಳೇ! ಭೇಷ್ ನನ್ನ ಮಗಳೇ!" ಎಂದು ಕೂಗಿದರು. ಪಕ್ಕದಲ್ಲಿದ್ದವರಿಗೆಲ್ಲ ಬೆರಳು ಮಾಡಿ ತೋರಿಸಿದರು. ಮಧ್ಯಂತರಕ್ಕೆ ಆ ಹುಡುಗಿ ನೀರು ಕುಡಿಯಲು ಈ ಕಡೆಗೆ ನಡೆದು ಬಂದಳು. ಬೇರೆ ಯಾರದೋ ಮುಖ. ಅವಳಿಗೆ ನೀರಿನ ಬಾಟಲಿ ಕೊಡಲು ಬೆಂಚಿನಿಂದ ಎದ್ದವಳು ಇವರ ಮಗಳು.

"ಅವಳು ನನ್ನ ನೋಡ್ಲಿಲ್ಲ, ಸದ್ಯ. ನಾನು ತಲೆ ತಗ್ಗಿಸ್ಕೊಂಡು ಎದ್ದು ಬಂದೆ. ವಿಚಾರಿಸಿದ್ರೆ ಒಂದು ಪಂದ್ಯಾನೂ ಆಡ್ಸಿಲ್ಲವಂತೆ ಮೇಡಂ. ಒಂದೂ ಇಲ್ಲ."

"ಹಾಗಾದ್ರೆ ಆ ಮಳೆ, ಪೆನಾಲ್ಟಿ?"

"ಸುಳ್ಳು." ಅವರು ನಾನು ತೊಡಿಸಿದ್ದ ಪರೀಕ್ಷೆಯ ಕನ್ನಡಕ ತೆಗೆದು ಕೈಯಲ್ಲಿ ತಿರುಗಿಸುತ್ತ ಕೂತರು. "ಆದ್ರೆ ಅದು ಹೋಗ್ತಾ ಇಲ್ಲ. ಲಿಫ್ಟ್ ಪೆಟ್ಟಿಗೆ ಮೇಲೆ ನಿಂತು ಬಟ್ಟೆ ಹಿಡಿದು ಉಕ್ಕಿನ ಹಗ್ಗ ಸವರ್ತೀನಲ್ಲ, ಎಳೆ ಮುರಿದಿದ್ರೆ ಬಟ್ಟೆಗೆ ಸಿಕ್ಕುತ್ತೆ. ಆವಾಗ ಮೋಟಾರ್ ನಿಂತಿರುತ್ತೆ, ಕತ್ತಲೆ. ಕೆಳಗಿನಿಂದ ಮಳೆ ಸದ್ದು ಶುರುವಾಗುತ್ತೆ. ಅವಳು 'ಚೆಂಡು ನಂದು! ನಂದು!' ಅಂತ ಕೂಗ್ತಾಳೆ. ಚೆಂಡು ಕಂಬಕ್ಕೆ ಬಡಿಯುತ್ತೆ. ಅವಳು ಚಿಕ್ಕವಳಿದ್ದಾಗ ನಿಜವಾಗಿ ಆಡಿದ್ದು ಒಂದೂ ನೆನಪಿಗೆ ಬರಲ್ಲ, ಇದೇ ಬರುತ್ತೆ. ನಡೆದದ್ದಾಗಿದ್ರೆ ಮರೆತೇ ಹೋಗ್ತಿತ್ತೇನೋ."

ನಾನು ಬಾಯಿಬಡುಕಿ, ಒಪ್ಪಿಕೊಳ್ಳುತ್ತೇನೆ. ಆದರೆ ಆ ಮಧ್ಯಾಹ್ನ ಅಕ್ಷರದ ಹಲಗೆ ತೋರಿಸಿ ಮುಂದಿನ ಸಾಲು ಓದಿ ಎಂದಷ್ಟೇ ಹೇಳಿದೆ. ನನಗೆ ಭಯವೇ ಆಯಿತು. ಯಾಕೆಂದರೆ ಅವರು ಹೇಳುತ್ತಿದ್ದಂತೆ ಆ ಜಾರಿದ ಕಾಲು ನನ್ನ ಕಣ್ಣಿಗೂ ಕಟ್ಟಿತು, ಮೊದಲಿನಷ್ಟೇ ಸ್ಪಷ್ಟವಾಗಿ.

ಈ ವರ್ಷ ಚಿಕ್ಕವಳ ಸರದಿ ಬಂತು. ಇವಳಿಗೂ ಎರಡು ಕಡೆಯಿಂದ ಕರೆ. ದೊಡ್ಡ ಕಾಲೇಜು ಅದೇ. ಅಲ್ಲಿಯ ಕೋಚ್ ಮುಚ್ಚುಮರೆಯಿಲ್ಲದೆ, ಬಂದರೆ ಮೂರನೆಯವಳಾಗಿ ಶುರುಮಾಡಬೇಕು ಎಂದಿದ್ದರು. ಚಿಕ್ಕವಳು ಅಲ್ಲಿಗೇ ಹೋಗುತ್ತೇನೆಂದು ಹಟ ಹಿಡಿದಳು. ಅಪ್ಪ ಸುತರಾಂ ಒಪ್ಪಲಿಲ್ಲ. ಮಾರನೆಯ ದಿನ ಉತ್ತರ ಕೊಡಬೇಕು ಎನ್ನುವ ಸಂಜೆ ನನ್ನನ್ನು ಪಂಚಾಯಿತಿಗೆ ಕರೆದರು.

ಹೋದಾಗ ಹುಡುಗಿಯರ ಅಮ್ಮ ಇಸ್ತ್ರಿ ಮಾಡುತ್ತಿದ್ದರು. ದಿನವಿಡೀ ಊರಿನವರ ಬಟ್ಟೆ ತಿಕ್ಕಿ ಬಂದು ಮನೆಯಲ್ಲೂ ಅದೇ. "ಬನ್ನಿ ಮೇಡಂ, ಇಬ್ಬರಲ್ಲಿ ಯಾರ ತಲೆ ಗಟ್ಟಿ ಅಂತ ನೀವೇ ಹೇಳಿ ಹೋಗಿ" ಎಂದರು. ಚಿಕ್ಕವಳು ಮೇಜಿನ ಆಚೆ ಮುಖ ಊದಿಸಿಕೊಂಡು ಕೂತಿದ್ದಳು.

"ಅಲ್ಲಿ ದಿನಾ ಎಂಥವರ ಜೊತೆ ಪ್ರಾಕ್ಟೀಸ್ ಸಿಗುತ್ತೆ ಗೊತ್ತಾ ಆಂಟಿ? ಆಡ್ಸದೇ ಇದ್ರೂ ಪರವಾಗಿಲ್ಲ ನಂಗೆ. ನಿಜವಾಗ್ಲೂ."

"ನಿಂಗೆ ಪರವಾಗಿಲ್ಲ!" ಕಾಮೆಂಟ್ರಿ ಮೇಜು ಗುದ್ದಿದರು. "ಬೆಂಚ್ ಮೇಲೆ ಕೂರ್ಸಿ ಕೊಲ್ತಾರೆ ನಿನ್ನ. ಒಬ್ಬಳನ್ನ ಕೊಂದು ಕಳ್ಸಿದ್ದಾರೆ, ಸಾಲದಾ?"

ದೊಡ್ಡವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ, ನಾವ್ಯಾರೂ ನೋಡಿರಲಿಲ್ಲ.

"ಬೆಂಚು ನನ್ನ ಕೊಲ್ಲಲಿಲ್ಲ ಅಪ್ಪ."

ಅಮ್ಮ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು. ದೊಡ್ಡವಳು ಜೋರಾಗಿ ಮಾತಾಡಲಿಲ್ಲ, ಅಂಗಡಿಯಲ್ಲಿ ಗಿರಾಕಿಗೆ ಫ್ರೇಮು ತೋರಿಸುವ ಧ್ವನಿಯಲ್ಲೇ ಹೇಳಿದಳು.

"ನಂಗೆ ಅಲ್ಲಿ ಚೆನ್ನಾಗೇ ಇತ್ತು. ಬೆಳಿಗ್ಗೆ ಎದ್ದು ಮೂವರು ಕೀಪರ್‌ಗಳೂ ಒಟ್ಟಿಗೆ ಓಡ್ತಿದ್ವಿ. ಮೊದಲನೆಯವಳು ನನ್ನ ರೂಮಿನವಳೇ, ತಂಗಿ ಹಾಗೆ ನೋಡ್ಕೊಂಡ್ಳು. ಸೋಮವಾರದಿಂದ ಶನಿವಾರದವರೆಗೆ ನಗ್ತಾ ಇರ್ತಿದ್ದೆ. ಭಾನುವಾರ ಬೆಳಿಗ್ಗೆ ಎದ್ದ ಕೂಡ್ಲೇ ಗಡಿಯಾರ ನೋಡೋಕೆ ಶುರು. ಸಂಜೆ ನಿಮ್ಮ ಫೋನ್ ಬರುತ್ತಲ್ಲ ಅಂತ."

"ನಾನೇನಂದೆ? ಒಂದು ದಿನ ಬೈದಿದ್ದೀನಾ?" ಎಂದರು ಕಾಮೆಂಟ್ರಿ.

"ಇಲ್ಲ. 'ಆಡ್ಸಿದ್ರಾ' ಅಂತಿದ್ರಿ. ನಾನು ಇಲ್ಲ ಅಂದ್ರೆ ಸುಮ್ಮನಾಗಿಬಿಡ್ತಿದ್ರಿ. ಆ ಸುಮ್ಮನಿರೋದನ್ನ ತಡ್ಕೊಳ್ಳೋಕೆ ಆಗ್ಲಿಲ್ಲ ಅಪ್ಪ. ಅದಕ್ಕೇ ಆಡ್ಸಿದ್ರು ಅಂದೆ. ಒಂದ್ಸಲ ಅಂದ್ಮೇಲೆ ವಾರವಾರ ಹೊಸದು ಕಟ್ಟಬೇಕಾಯ್ತು. ರಾತ್ರಿಯೆಲ್ಲ ಕಣ್ಮುಚ್ಚಿದ್ರೆ ಅವೇ ಪಂದ್ಯಗಳು."

ಅವಳು ಮುಂದುವರಿಸಿದಳು. "ನೀವು ಅವತ್ತು ಬಂದಿದ್ರಿ. ಗೊತ್ತು. ತಿರುಗಿ ನೋಡ್ಲಿಲ್ಲ ಅಷ್ಟೇ, ಧ್ವನಿ ಕೇಳಿಸ್ತಲ್ಲ. ಪ್ರತಿ ಸಲ 'ಭೇಷ್ ಮಗಳೇ' ಅಂದಾಗ ನಾನು ಬೆಂಚ್ ಹಿಡ್ಕೊಂಡು ಕೂತಿದ್ದೆ. ಮಧ್ಯಂತರಕ್ಕೆ ನನ್ನ ರೂಮಿನವಳು ಬಂದು ಕೇಳಿದ್ಳು, 'ಮೇಲೆ ಯಾರೋ ನನ್ನನ್ನ ಮಗಳೇ ಅಂತ ಕೂಗ್ತಿದಾರೆ ಕಣೆ, ನಂಗೆ ಅಪ್ಪನೇ ಇಲ್ಲ, ಯಾರದು?' ನಾನು ಗೊತ್ತಿಲ್ಲ ಅಂದೆ. ನಮ್ಮಪ್ಪ ಅನ್ನೋಕೆ ನಾಲಿಗೆ ಬರ್ಲಿಲ್ಲ. ಅವತ್ತು ರಾತ್ರಿಯಿಂದ ಗ್ಲೌಸ್ ಹಾಕೋಕೂ ಆಗ್ಲಿಲ್ಲ."

ಕಾಮೆಂಟ್ರಿ ಎದ್ದು ನಿಂತರು, ಮತ್ತೆ ಕೂತರು. ಕೈ ಎಲ್ಲಿಡಬೇಕೆಂದು ತಿಳಿಯದವರ ಹಾಗೆ ಅಂಗೈಗಳನ್ನು ಮೇಜಿನ ಮೇಲೆ ಮಗುಚಿಟ್ಟರು. ಇಷ್ಟು ವರ್ಷ ಆ ಕಾಲೇಜನ್ನು, ಆ ಕೋಚನ್ನು ಶಪಿಸಿ ಬದುಕಿದ ಮನುಷ್ಯ. ಅವರ ಮುಖ ನೋಡಲಾಗದೆ ನಾನು ಇಸ್ತ್ರಿಯಾದ ಬಟ್ಟೆಗಳನ್ನು ನೋಡುತ್ತ ಕೂತೆ.

ಕೊನೆಗೆ ಮಾತಾಡಿದ್ದು ಚಿಕ್ಕವಳು. ಅವಳು ಅಳುತ್ತಿದ್ದಳು, ಆದರೆ ಮಾತು ನೆಟ್ಟಗಿತ್ತು. "ನಾನು ಅಲ್ಲಿಗೇ ಹೋಗ್ತೀನಿ ಅಪ್ಪ. ನೀವು ಮಾತ್ರ ಆಟದ ವಿಷಯ ಕೇಳಬಾರ್ದು. ನಂಗೆ ಹೇಳ್ಬೇಕು ಅನಿಸಿದ್ರೆ ಅಕ್ಕನ ಹತ್ರ ಹೇಳ್ತೀನಿ. ಅಕ್ಕನನ್ನೂ ಕೇಳಬಾರ್ದು. ನಾನು ವಾಪಸ್ ಬರೋವರೆಗೂ."

"ಏನೂ ಕೇಳಬಾರ್ದಾ?"

"ಏನೂ ಕೇಳಬಾರ್ದು."

ಕಾಮೆಂಟ್ರಿ "ಆಯ್ತು" ಎಂದರು. ಅಷ್ಟು ಚಿಕ್ಕ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಚಿಕ್ಕವಳು ಹೋಗಿ ತಿಂಗಳುಗಳಾದವು. ಭಾನುವಾರ ಸಂಜೆ ದೊಡ್ಡವಳ ಫೋನು ಬಡಿದುಕೊಂಡ ಕೂಡಲೇ ಕಾಮೆಂಟ್ರಿ ಟಿವಿ ಆರಿಸಿ ಹೊರಗೆ ಬಂದು ಜಗಲಿಯಲ್ಲಿ ಕೂರುತ್ತಾರೆ. ಲಿಫ್ಟಿನ ಬ್ರೇಕು ಎಷ್ಟು ಸವೆದಿದೆಯೆಂದು ಸದ್ದಿನಲ್ಲೇ ಹೇಳುವ ಕಿವಿ ಅವರದು. ಒಳಗಿನ ಮಾತು ಕೇಳಿಸದಿರಲೆಂದು ಬೀದಿಯ ಕಡೆ ಮುಖ ಮಾಡಿ ತಾವೇ ಏನಾದರೂ ಗುನುಗುತ್ತಿರುತ್ತಾರೆ.

ಹೋದ ಭಾನುವಾರ ದೊಡ್ಡವಳು ಮರೆತು ಬಂದಿದ್ದ ಅಂಗಡಿಯ ಬೀಗದ ಕೈ ಕೊಡಲು ನಾನು ಹೋದೆ. ಬಾಗಿಲಲ್ಲೇ ಅವಳು ಫೋನನ್ನು ಕೈಯಲ್ಲಿ ಮುಚ್ಚಿಕೊಂಡು ನನ್ನ ಕಿವಿಯಲ್ಲಿ, "ಆಂಟಿ, ಇವತ್ತು ಅವಳನ್ನ ಆಡ್ಸಿದ್ರು! ಪೂರ್ತಿ ಪಂದ್ಯ! ಅಪ್ಪಂಗೆ ಹೇಳಬೇಡಿ" ಎಂದು ಒಳಗೆ ಓಡಿದಳು. ನನಗೆ ಇಂಥದ್ದನ್ನು ಹೇಳಿ ಹೇಳಬೇಡಿ ಎಂದರೆ ಹೇಗೆ? ಹೊಟ್ಟೆ ಉಬ್ಬಿ ಒಡೆಯುವುದೊಂದು ಬಾಕಿ. ಜಗಲಿಗೆ ಬಂದು ಅವರ ಪಕ್ಕ ಕೂತೆ. ಅವರು ನನ್ನ ಮುಖ ನೋಡಿದರು. ನೋಡುತ್ತಿದ್ದಂತೆ ಅವರ ಕಣ್ಣು ತುಂಬಿತು. ನಾನು ಬಾಯಿ ತೆರೆದೆ.

"ಬೇಡ ಮೇಡಂ" ಎಂದರು. "ಮಾತು ಕೊಟ್ಟಿದ್ದೀನಿ."

ನಾನು ಬಾಯಿ ಮುಚ್ಚಿಕೊಂಡೆ. ಒಳಗೆ ದೊಡ್ಡವಳು ಏನನ್ನೋ ಕೇಳಿಸಿಕೊಂಡು ಜೋರಾಗಿ ನಗುತ್ತಿದ್ದಳು.