ಅಳುವ ಮುಖಕ್ಕೆ ಒಂದೇ ದೀಪ

ನಗುವ ಮುಖಕ್ಕೆ ಎರಡು ದೀಪ, ಅಳುವ ಮುಖಕ್ಕೆ ಒಂದೇ. ಅಹಮದಾಬಾದಿನ ಮಣಿನಗರದ ಸ್ಟುಡಿಯೋದಲ್ಲಿ ನನಗೆ ಫೋಟೋ ತೆಗೆಯಲು ಕಲಿಸಿದ ಮಾಸ್ತರ ಹೇಳಿಕೊಟ್ಟ ಮೊದಲ ಪಾಠ ಇದು. ಪಾಠವೇನೋ ಸರಿಯಾಗಿಯೇ ಇತ್ತು. ಆ ಮನುಷ್ಯನನ್ನು ನೆನೆದರೆ ಮಾತ್ರ ನನಗೆ ಇಂದಿಗೂ ಮೈ ಉರಿಯುತ್ತದೆ.

ಗಂಡನಿಗೆ ರೈಲ್ವೆಯಲ್ಲಿ ಹುಬ್ಬಳ್ಳಿಯಿಂದ ಅಹಮದಾಬಾದಿಗೆ ವರ್ಗವಾಗಿತ್ತು. ಮಗಳು ಕೆ.ಜಿ. ಶಾಲೆಗೆ ಹೋದ ಮೇಲೆ ಮನೆಯಲ್ಲಿ ಗೋಡೆ ನೋಡುತ್ತ ಕೂರುವುದು ನನ್ನಿಂದಾಗದೆ, ಸ್ಟೇಷನ್ ಹತ್ತಿರದ ಆ ಸ್ಟುಡಿಯೋ ಸೇರಿದೆ. ಮೊದಲ ಎರಡು ತಿಂಗಳು ನನಗೆ ಸಿಕ್ಕಿದ್ದು ಸೀರೆ ಅಂಗಡಿಯವರು ಬಿಸಾಕಿದ ಗೊಂಬೆಯ ತಲೆ. ಮೂಗಿನ ನೆರಳು ತುಟಿಗೆ ತಾಗದಂತೆ ದೀಪ ಸರಿಸುವುದೇ ಕೆಲಸ. ಗೊಂಬೆ ಸದಾ ನಗುತ್ತಿತ್ತು. ಬೆಳಕು ಮುಖಕ್ಕೆ ಮರಳಲೆಂದು ಎದುರಿಗಿಟ್ಟ ಬಿಳಿ ಥರ್ಮೋಕೋಲ್ ಹಾಳೆ ತೆಗೆದು, ಒಂದೇ ದೀಪವನ್ನು ಓರೆಯಾಗಿ ಮೇಲಿಟ್ಟರೆ, ಅದೇ ನಗುಮುಖ ಈಗಷ್ಟೇ ಅತ್ತು ಮುಗಿಸಿದ ಹಾಗೆ ಕಾಣುತ್ತಿತ್ತು. ಅದನ್ನು ಮೊದಲ ಸಲ ಕಂಡ ದಿನ ಖುಷಿಯಲ್ಲಿ ಕುಕ್ಕರಿಗೆ ಅಕ್ಕಿ ಹಾಕುವುದನ್ನೇ ಮರೆತಿದ್ದೆ.

ಶಾಲೆಗಳ ಗೋಡೆಗೆ ತೂಗುಹಾಕುವ ಚಾರ್ಟ್ ಅಚ್ಚು ಮಾಡುವವರೊಬ್ಬರು ಮಕ್ಕಳ ಐದು ಮುಖ ಬೇಕೆಂದು ಬಂದರು. ನಗು, ಭಯ, ಅಚ್ಚರಿ, ಸಿಟ್ಟು, ದುಃಖ. ನಾಲ್ಕು ಮುಖ ಸುಲಭವಾಗಿ ಸಿಕ್ಕವು. ಅಳು ಎಂದರೆ ಮಾತ್ರ ಓಣಿಯ ಮಕ್ಕಳೆಲ್ಲ ಕಿಸಕ್ಕನೆ ನಗುತ್ತಿದ್ದವು. ನಿನ್ನ ಮಗಳನ್ನು ಕರೆದುಕೊಂಡು ಬಾ ಎಂದ ಮಾಸ್ತರ. ನಾನೇ ಕರೆದೊಯ್ದೆ. ಯಾರೂ ನನ್ನ ಕೈ ಹಿಡಿದು ಎಳೆದಿರಲಿಲ್ಲ.

ಐದು ವರ್ಷದ ಹುಡುಗಿ. ಸ್ಟೂಲಿನ ಮೇಲೆ ಕೂತು ನನ್ನ ಮುಖ ನೋಡಿದಾಗಲೆಲ್ಲ ನಕ್ಕಳು. ಮಾಸ್ತರ ಕ್ಯಾಮೆರಾ ಹೊಂದಿಸಿಟ್ಟು, ಉದ್ದ ವೈರಿನ ಗುಂಡಿಯನ್ನು ನನ್ನ ಕೈಗೆ ಕೊಟ್ಟು, ಕ್ಯಾಮೆರಾದ ಹಿಂದಿನ ಕರಿಯ ಪರದೆಯ ಮರೆಗೆ ಕಳಿಸಿದ. ಆ ಪರದೆ ನೆಲಕ್ಕಿಂತ ಒಂದು ಗೇಣು ಮೇಲಿತ್ತು. ಮುಖಭಾವ ತರಿಸುವುದು ನನ್ನ ಕೆಲಸ, ಬಂದಾಗ ಒತ್ತುವುದು ನಿನ್ನ ಕೆಲಸ, ಏನೇ ಆದರೂ ಹೊರಗೆ ಬರಬೇಡ ಎಂದು ಎರಡೆರಡು ಸಲ ಹೇಳಿದ. ಚಾಕಲೇಟು ತೋರಿಸಿ ಬಚ್ಚಿಡುತ್ತಾನೇನೋ ಅಂದುಕೊಂಡೆ.

ಅವನು ಮಗಳ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬೆಣ್ಣೆಯಂಥ ದನಿಯಲ್ಲಿ ಹಿಂದಿಯಲ್ಲಿ ಹೇಳಿದ: ನಿನ್ನ ಮಮ್ಮಿ ರೈಲು ಹತ್ತಿ ಊರಿಗೆ ಹೋದಳು. ನೀನು ಬೇಡವಂತೆ. ಇನ್ನು ಬರುವುದಿಲ್ಲ. ಅದೇ ಹೊತ್ತಿಗೆ ಸ್ಟೇಷನ್ನಿನಲ್ಲಿ ಯಾವುದೋ ಹಾಳು ರೈಲು ಕೂಗಿತು.

ಪರದೆಯ ಸಂದಿಯಿಂದ ನೋಡುತ್ತಿದ್ದೆ. ಮಗಳು ಕ್ಯಾಮೆರಾದತ್ತ ತಿರುಗಿದಳು. ಕೆಳತುಟಿ ಅದುರಿತು. ಕಣ್ಣು ತುಂಬಿ, ಎಡಗಣ್ಣಿನ ನೀರಿನಲ್ಲಿ ನಾನು ಹೊಂದಿಸಿದ ದೀಪ ಒಂದು ಚುಕ್ಕಿಯಾಗಿ ಕೂತಿತು. ಎರಡು ತಿಂಗಳು ಗೊಂಬೆಯ ಸತ್ತ ಕಣ್ಣಿನಲ್ಲಿ ಹುಡುಕಿದರೂ ಸಿಗದಿದ್ದ ಚುಕ್ಕಿ. ಪರದೆ ಸರಿಸಿ ಓಡಬೇಕಾದವಳು ಗುಂಡಿ ಒತ್ತಿದೆ. ಮೂರು ಸಲ ಒತ್ತಿದೆ.

ಆಮೇಲೆ ಹೊರಬಂದು ಮಗಳನ್ನು ಎತ್ತಿಕೊಂಡರೆ ಕಟ್ಟಿಗೆಯ ಹಾಗೆ ಸೆಟೆದಿದ್ದಳು. ಮಾಸ್ತರನಿಗೆ ಬಾಯಿಗೆ ಬಂದಂತೆ ಬೈದೆ, ಹಿಂದಿ ಸಾಲದೆ ಕನ್ನಡದಲ್ಲೂ ಬೈದೆ. ಅವನು ರೀಲು ಸುತ್ತುತ್ತ “ಸರಸ್” ಎಂದ. ಗುಜರಾತಿಯಲ್ಲಿ ಬಹಳ ಚೆನ್ನಾಗಿದೆ ಎಂದರ್ಥ. ಮಗು ಬಿಕ್ಕುತ್ತಿದೆ, ಇವನಿಗೆ ಸರಸ. ಆ ಫೋಟೋ ಯಾರಿಗೂ ಕೊಡಕೂಡದು ಎಂದು ಹೇಳಿ ಬಂದವಳು ಮತ್ತೆ ಆ ಮೆಟ್ಟಿಲು ತುಳಿಯಲಿಲ್ಲ. ಅವನು ಕೊಟ್ಟೇಬಿಟ್ಟ.

ಕೆಲವು ತಿಂಗಳ ನಂತರ ಶಾಲೆಯಲ್ಲಿ ಪಾಲಕರ ಸಭೆ. ಮಗಳ ತರಗತಿಯ ಗೋಡೆಯ ಮೇಲೆಯೇ ಚಾರ್ಟ್ ತೂಗುತ್ತಿತ್ತು. ಸಿಟ್ಟಿನ ಜಾಗದಲ್ಲಿ ಮುಷ್ಟಿ ಬಿಗಿದ ಯಾವನೋ ಹುಡುಗ, ದುಃಖದ ಜಾಗದಲ್ಲಿ ನನ್ನ ಮಗಳು. ನಾನು ಹಲ್ಲು ಕಡಿಯುತ್ತ ನಿಂತೆ. ಟೀಚರಿಗೆ ಹೆಮ್ಮೆಯೋ ಹೆಮ್ಮೆ. ನಿನ್ನ ಫೋಟೋದಲ್ಲಿ ಯಾವ ಭಾವವಿದೆ, ಮಮ್ಮಿಗೆ ಹೇಳು ಎಂದರು.

“ಯೇ ದುಃಖ್ ನಹೀ ಹೈ, ಟೀಚರ್,” ಎಂದಳು ಮಗಳು. “ಯೇ ಸಿಟ್ಟು ಹೈ.”

ಶಾಲೆಯಲ್ಲಿ ಅವಳದು ಹಿಂದಿ, ಮನೆಯಲ್ಲಿ ಕನ್ನಡ. ಸಿಟ್ಟು ಎಂಬ ಶಬ್ದ ನನ್ನ ಬಾಯಲ್ಲಿ ದಿನಬೆಳಗಾದರೆ ಕೇಳಿ ಕಲಿತದ್ದು. ಟೀಚರಿಗೆ ಅರ್ಥವಾಗಲಿಲ್ಲ, ನನ್ನತ್ತ ನೋಡಿದರು. ಗುಸ್ಸಾ ಎಂದೆ. ಅವರು ನಕ್ಕು ಅವಳ ಕೆನ್ನೆ ಚಿವುಟಿದರು.

ಮನೆಗೆ ಬರುವ ದಾರಿಯಲ್ಲಿ ಸ್ಟುಡಿಯೋ ಕಂಡಿತು. ನನಗೆ ಮತ್ತೆ ರಕ್ತ ಕುದಿಯಿತು.

“ಆ ಅಂಕಲ್ ಸುಳ್ಳು ಹೇಳಿದ ನೋಡು, ಅವನ ಮ್ಯಾಲ ಸಿಟ್ಟು ಬಂದಿತ್ತಲ್ಲ ನಿನಗ?” ಎಂದು ಕೇಳಿದೆ.

ಅವಳು ಇಲ್ಲವೆಂದು ತಲೆಯಾಡಿಸಿ, ನನ್ನ ಕೈಯಿಂದ ಕೈ ಬಿಡಿಸಿಕೊಂಡಳು.

“ಪರ್ದಾ ಕೆಳಗ ನಿನ್ನ ಕಾಲು ಕಾಣಸ್ತಿತ್ತು, ಮಮ್ಮಿ,” ಎಂದಳು.