ರಾಹುಕಾಲದಲ್ಲಿ ರೀಸ್ಟಾರ್ಟ್

ನಮ್ಮ ಶಾಲೆಯ ಗಣಿತದ ಮೇಷ್ಟ್ರು ಸಂಪತ್ ಕುಮಾರರಿಗೆ ನಂಬಿಕೆ ಇರುವುದು ಎರಡರಲ್ಲಿ ಮಾತ್ರ: ಪಂಚಾಂಗ ಮತ್ತು ಲಿನಕ್ಸ್. ಪಂಚಾಂಗವನ್ನೂ ಲಿನಕ್ಸ್ ಹಾಕಿದ ಲ್ಯಾಪ್‌ಟಾಪನ್ನೂ ಒಂದೇ ಚೀಲದಲ್ಲಿ ಹೊತ್ತು, ಮದ್ದೂರಿನಿಂದ ಬಸ್ಸು ಹಿಡಿದು ಸೋಮನಹಳ್ಳಿ ಕಡೆಯ ನಮ್ಮ ಸರ್ಕಾರಿ ಹೈಸ್ಕೂಲಿಗೆ ಬರುತ್ತಾರೆ. ನಾನು ಪ್ರಿಯಾಂಕ, ಅಲ್ಲೇ ವಿಜ್ಞಾನದ ಟೀಚರು. ಪಂಚಾಂಗ ಕಂಡರೆ ನನಗಾಗದು. ಲಿನಕ್ಸ್ ಕಂಡರೂ ಅಷ್ಟಕ್ಕಷ್ಟೆ.

"ಎಲ್ಲರ ಹಾಗೆ ವಿಂಡೋಸ್ ಹಾಕ್ಕೊಳ್ಳಿ ಸಾರ್, ಯಾರ ಹತ್ರ ಬೇಕಾದ್ರೂ ಕಾಪಿ ಸಿಗುತ್ತೆ" ಅಂತ ಒಮ್ಮೆ ಹೇಳಿದ್ದೆ.

"ಕದ್ದ ಸಾಫ್ಟ್‌ವೇರಲ್ಲಿ ಲೆಕ್ಕ ಮಾಡಿದ್ರೆ ಉತ್ತರ ಸರಿ ಬರಲ್ಲಮ್ಮ" ಅಂದರು. ತಮಾಷೆ ಇರಬೇಕು ಅಂತ ಮುಖ ನೋಡಿದೆ. ತಮಾಷೆಯಲ್ಲ.

ಈ ಮಹಾನುಭಾವರು ಕಳೆದ ವರ್ಷ ಇದ್ದಕ್ಕಿದ್ದಂತೆ ಮಧ್ಯಾಹ್ನವಾದರೆ ಅಡುಗೆಮನೆ ಬಾಗಿಲಲ್ಲಿ ನಿಲ್ಲತೊಡಗಿದರು. ಒಳಗೆ ಬಿಸಿಯೂಟ ಬೇಯಿಸುವ ಮಂಚಮ್ಮ. ರಸ್ತೆ ಅಗಲ ಮಾಡುವಾಗ ಮಂಚಮ್ಮನ ಮನೆ ಹೋಗಿತ್ತು. ಮದುವೆಯಾಗಿ ಬಂದು ಹೊಕ್ಕ ಮನೆ, ಗಂಡ ಕಣ್ಮುಚ್ಚಿದ ಮನೆ. "ಒಂದ್ ಪೋಟನೂ ಇಲ್ಲ ಕಣಮ್ಮ" ಅಂತ ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದರು. ನಾನು ಅಯ್ಯೋ ಪಾಪ ಅಂದು, ಸಾರು ಹಾಕಿಸಿಕೊಂಡು ಬಂದಿದ್ದೆ. ಸಂಪತ್ ಮೇಷ್ಟ್ರು ಮಾತ್ರ ಅಳತೆ ಕೇಳತೊಡಗಿದರು. ಬಾಗಿಲು ಎಷ್ಟು ಎತ್ತರ, ಜಗಲಿ ಎಷ್ಟು ಅಗಲ, ಒಲೆ ಯಾವ ಮೂಲೆ.

"ನನ್ ಮನೆ ಬಾಗ್ಲು ಕಟ್ಕಂಡು ನಿಮ್ಗೇನಾಗ್ಬೇಕು ಮೇಷ್ಟ್ರೆ? ದಾರಿ ಬುಡಿ, ಅನ್ನ ಸೀದೋಯ್ತದೆ" ಅಂತ ಮಂಚಮ್ಮ ಗದರುತ್ತಿದ್ದರು. ಗದರುತ್ತಲೇ ಅಳತೆಯನ್ನೂ ಹೇಳುತ್ತಿದ್ದರು.

ಮೇಷ್ಟ್ರು ಆ ಮನೆಯನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದರು. ಚಿತ್ರವಲ್ಲ, ಸುತ್ತ ತಿರುಗಿಸಿ ನೋಡಬಹುದಾದ, ಒಳಗೆ ನಡೆದು ಹೋಗಬಹುದಾದ ಮನೆ. ಗುಟ್ಟು ಗೊತ್ತಿದ್ದದ್ದು ನನಗೊಬ್ಬಳಿಗೆ. ಮಂಚಮ್ಮನಿಗೆ ಅರವತ್ತು ತುಂಬಿ ಕೆಲಸ ಬಿಡುವ ಶನಿವಾರ, ಬೀಳ್ಕೊಡುಗೆಯ ಹೊತ್ತಿಗೆ ಅದನ್ನು ಶಾಲೆಯ ದೊಡ್ಡ ಟಿವಿಯಲ್ಲಿ ತೋರಿಸುವುದು ಅವರ ಆಸೆ. ಅವತ್ತೇ ಮಂಚಮ್ಮ ಮಳವಳ್ಳಿಯ ಮಗಳ ಮನೆಗೆ ಹೊರಟುಬಿಡುವವರಿದ್ದರು.

ಶುಕ್ರವಾರ ಸಂಜೆ ಟಿವಿಗೆ ವೈರು ಸಿಕ್ಕಿಸಿದರೆ ಕಗ್ಗತ್ತಲು. ಆ ಲ್ಯಾಪ್‌ಟಾಪಿನೊಳಗೆ ಎರಡು ಗ್ರಾಫಿಕ್ಸ್ ಕಾರ್ಡುಗಳಿವೆಯಂತೆ. ಟಿವಿಯ ವೈರು ಸೇರುವುದು ಎರಡನೆಯದಕ್ಕೆ, ಅದನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶವೇ ಇಲ್ಲವಂತೆ. "ವೈರು ಎಳೆದ ಮೇಲೆ ಗೊತ್ತಾಯ್ತಾ ಸಾರ್?" ಅಂದೆ. "ವೈರು ಎಳೆಯೋ ಪ್ರಸಂಗ ಇದುವರೆಗೂ ಬಂದಿರಲಿಲ್ಲಮ್ಮ" ಅಂದರು.

ಶನಿವಾರ ಬೆಳಿಗ್ಗೆ ಒಳ್ಳೆಯ ಗಳಿಗೆ ನೋಡಿಕೊಂಡೇ ಡ್ರೈವರ್ ಇನ್‌ಸ್ಟಾಲ್ ಶುರುಮಾಡಿದರು. ಫೋನಿನ ನೆಟ್ಟು ತೆವಳಿತು. ಎಲ್ಲ ಇಳಿದು, ಪಾಸ್‌ವರ್ಡ್ ಒಂದನ್ನು ಕೇಳಿ, ಇನ್ನು ರೀಸ್ಟಾರ್ಟ್ ಮಾಡಿ ಅಂತ ಪರದೆ ಹೇಳುವಷ್ಟರಲ್ಲಿ ಒಂಬತ್ತು ದಾಟಿತ್ತು. ಮೇಷ್ಟ್ರು ಕೈ ಹಿಂದೆ ತೆಗೆದರು.

"ರಾಹುಕಾಲ. ಹತ್ತೂವರೆವರೆಗೆ ಆಗಲ್ಲ."

ನನಗೆ ಮೈಯೆಲ್ಲ ಉರಿಯಿತು. "ಸಾರ್, ಕೆಲಸ ಆಗಲೇ ಶುರು ಮಾಡಿದ್ದೀರಿ. ರೀಸ್ಟಾರ್ಟ್ ಅಂದ್ರೆ ಮುಂದುವರಿಸೋದು ಅಷ್ಟೆ!"

"ಪೂರ್ತಿ ನಿಂತು ಹೋಗಿದ್ದು ಎದ್ದರೆ ಅದು ಹೊಸ ಆರಂಭ. ಕಮಾಂಡ್ ಬೇಕಾದ್ರೆ ಎಷ್ಟಾದ್ರೂ ಕೊಡಬಹುದು, ದೋಷ ಇಲ್ಲ."

ಟಿವಿ, ಲ್ಯಾಪ್‌ಟಾಪು ಇಟ್ಟಿದ್ದ ವರಾಂಡದ ಎದುರಿಗೇ ಶಾಮಿಯಾನದ ಕೆಳಗೆ ಮಂಚಮ್ಮ ಹಾರ ಹಾಕಿಕೊಂಡು ಕೂತಿದ್ದರು. ಗೇಟಿನಲ್ಲಿ ಅಳಿಯ ಅಶೋಕ್ ಪಾತ್ರೆ, ಹಾಸಿಗೆ ತುಂಬಿದ ಟೆಂಪೋದ ಹಾರನ್ ಒತ್ತುತ್ತಿದ್ದ. ಮೇಷ್ಟ್ರು ಗೋಡೆ ಗಡಿಯಾರ ಸರಿಯಿದೆಯೇ ಎಂದು ನೋಡಲು ಆಫೀಸಿಗೆ ಹೋದರು. ನಾನು ಗುಂಡಿ ಒತ್ತಿಬಿಟ್ಟೆ. ಇನ್ನೇನು, ಪೂಜೆ ಮಾಡಬೇಕಿತ್ತೇ?

ಲ್ಯಾಪ್‌ಟಾಪು ಆರಿ, ಎದ್ದು, ನೀಲಿ ಪರದೆ ತೋರಿಸಿ ಏನೋ ಕೇಳಿತು. ನಾನು ಓದಿ ಮುಗಿಸುವುದರೊಳಗೆ ಅದೂ ಹೋಯಿತು. ಟಿವಿ ಮತ್ತೆ ಕಗ್ಗತ್ತಲು. ಮೇಷ್ಟ್ರು ಬಂದು ನೋಡಿ ಹಣೆ ಚಚ್ಚಿಕೊಂಡರು. ಹೊಸ ಡ್ರೈವರನ್ನು ಒಳಗೆ ಬಿಡಲೇ ಎಂದು ಯಂತ್ರ ಆ ನೀಲಿ ಪರದೆಯಲ್ಲಿ ಕೇಳುತ್ತದಂತೆ. ಹತ್ತು ಎಣಿಸುವುದರೊಳಗೆ ಕೀ ಒತ್ತಿ ಪಾಸ್‌ವರ್ಡ್ ಕೊಡದಿದ್ದರೆ ಬಾಗಿಲು ಹಾಕಿಕೊಳ್ಳುತ್ತದಂತೆ.

"ನೋಡಿದ್ರಾ ರಾಹುಕಾಲ?" ಅಂದರು. ಆ ಧ್ವನಿಯಲ್ಲಿ ದುಃಖಕ್ಕಿಂತ ಗೆಲುವೇ ಹೆಚ್ಚಿತ್ತು. ಮತ್ತೆ ಕಮಾಂಡು ಕೊಟ್ಟು, ಮತ್ತೆ ಪಾಸ್‌ವರ್ಡ್ ಇಟ್ಟು, ಕೈಕಟ್ಟಿ ಕೂತುಬಿಟ್ಟರು.

ಹತ್ತೂವರೆವರೆಗೆ ಸಭೆ ಎಳೆಯಲು ಉಳಿದದ್ದು ಒಂದೇ ದಾರಿ. ನಮ್ಮ ಹೆಡ್‌ಮಾಸ್ಟರ್ ಶ್ರೀಕಾಂತ್ ಅವರ ಭಾಷಣ ಶುರುವಾದರೆ ನಾವೇ ಮೈಕಿನ ವೈರು ಕೀಳುವುದು ವಾಡಿಕೆ. ಅವತ್ತು ನಾನೇ ಹೋಗಿ ಕಿವಿಯಲ್ಲಿ, "ಸಾರ್, ಇನ್ನೂ ಸ್ವಲ್ಪ ಮಾತಾಡಿ" ಅಂದೆ. ಅವರ ಕಣ್ಣು ಒದ್ದೆಯಾಯಿತು. ಸರ್ವಿಸಿನಲ್ಲೇ ಯಾರೂ ಹಾಗೆ ಕೇಳಿರಲಿಲ್ಲ. ಮಂಚಮ್ಮನ ಸಾರಿನಿಂದ ಹೊರಟು, ಬೇಳೆ, ಬೇಳೆಯಿಂದ ಬೇಸಾಯ, ಬೇಸಾಯದಿಂದ ಕನ್ನಂಬಾಡಿ ಕಟ್ಟೆ ಕಟ್ಟಿದ ಕತೆಗೆ ಇಳಿದರು. ಮಕ್ಕಳು ತೂಕಡಿಸಿದರು.

"ಅತ್ತೆ, ಒತ್ತಾಯ್ತು, ಏಳಿ! ಬಿಸ್ಲಾದ್ರೆ ಟೈರು ಬಿಟ್ಕತದೆ" ಅಂತ ಅಶೋಕ್ ಒಳಗೇ ಬಂದ.

ಮಂಚಮ್ಮ ಎದ್ದೇಬಿಟ್ಟರು. "ಬತ್ತೀನಿ ಕಣಮ್ಮ" ಅಂದರು ನನಗೆ.  ಮೇಷ್ಟ್ರ ಒಂದು ವರ್ಷದ ಮನೆ ಕತ್ತಲಲ್ಲೇ ಉಳಿಯುತ್ತದಲ್ಲ ಅಂತ ನಿಜಕ್ಕೂ ಅಳು ಬಂತು. ಅವರ ಸೆರಗು ಹಿಡಿದು, "ಮೇಷ್ಟ್ರು ಏನೋ ತೋರಿಸ್ಬೇಕಂತೆ, ಹೋಗ್ಬೇಡಿ" ಅಂದೆ. "ಆವಯ್ಯಂದು ಯಾವಾಗ್ಲೂ ಇದೇಯ" ಅಂತ ಗೊಣಗಿ ಮತ್ತೆ ಕೂತರು.

ಹತ್ತೂವರೆ. ಮೇಷ್ಟ್ರು ಕಣ್ಮುಚ್ಚಿ ರೀಸ್ಟಾರ್ಟ್ ಒತ್ತಿದರು. ನೀಲಿ ಪರದೆ ಬಂತು, ತಟ್ಟನೆ ಕೀ ಒತ್ತಿದರು. ಆಮೇಲೆ ನೆಟ್ಟಗೆ ನಿಂತು, "ಪಾಸ್‌ವರ್ಡ್ ಹಾಕ್ತಿದ್ದೀನಿ, ಎಲ್ಲರೂ ಆ ಕಡೆ ತಿರುಗಿ" ಅಂತ ಆಜ್ಞೆ ಮಾಡಿದರು. ಹೆಡ್‌ಮಾಸ್ಟರು, ಮಕ್ಕಳು, ಅಶೋಕ್, ಹಾರ ಹಾಕಿಕೊಂಡ ಮಂಚಮ್ಮ, ನಾನು ಎಲ್ಲರೂ ಗೇಟಿನ ಕಡೆ ಮುಖ ಮಾಡಿ ನಿಂತೆವು. ಹಿಂದೆ ಟಕಟಕ ಸದ್ದಾಯಿತು. ಆಮೇಲೆ ಯಂತ್ರ ಎದ್ದ ಸದ್ದು, ಮತ್ತೊಂದಿಷ್ಟು ಟಕಟಕ. ತಿರುಗಬಹುದು ಎಂದು ಹೇಳುವುದನ್ನು ಮೇಷ್ಟ್ರು ಮರೆತಿದ್ದರು.

ನಾನೇ ತಿರುಗಿ ನೋಡಿದೆ. ಟಿವಿಯಲ್ಲಿ ನಾಡಹೆಂಚಿನ ಒಂದು ಸಣ್ಣ ಮನೆ ಮೆಲ್ಲಗೆ ಸುತ್ತುತ್ತಿತ್ತು. ಜಗಲಿ, ಪಕ್ಕದಲ್ಲಿ ಒರಳು, ಕುಳ್ಳ ಬಾಗಿಲು.

ಮಂಚಮ್ಮ ಟಿವಿಯ ಮುಂದೆ ಹೋಗಿ ನಿಂತರು. ಪರದೆಯ ಮೇಲೆ ಜಗಲಿಯನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ, "ಒರಳು ಈಟು ಇತ್ಲಾಗಿತ್ತು ಕಣ್ ಮೇಷ್ಟ್ರೆ" ಅಂದರು.

"ಸರಿ ಮಾಡ್ತೀನಿ" ಅಂದ ಮೇಷ್ಟ್ರು ಪಕ್ಕಕ್ಕೆ ಬಂದು ಬಾಣದ ಕೀ ಒತ್ತಿ ಹಿಡಿದರು. ಮನೆ ಹತ್ತಿರ ಹತ್ತಿರ ಬಂತು. ಜಗಲಿ ದಾಟಿತು. ಬಾಗಿಲು ಪರದೆ ತುಂಬ ಎದ್ದು ನಿಂತಿತು.

ಮಂಚಮ್ಮ ತಲೆ ಬಗ್ಗಿಸಿದರು. ಬಗ್ಗಿಸಿಕೊಂಡೇ ಎಡಗೈಯಲ್ಲಿ ಮೇಷ್ಟ್ರ ತೋಳು ಹಿಡಿದು ಕೆಳಗೆ ಎಳೆದರು.

"ಬಗ್ಗಿ ಮೇಷ್ಟ್ರೆ, ತಲೆ ಒಡ್ಕಂಬುಟ್ಟೀರಿ. ಒಸಬ್ರು ಎಲ್ರೂ ಇಲ್ಲೇ ಒಡ್ಕಳದು."

ಸಂಪತ್ ಕುಮಾರರು ಬಗ್ಗಿದರು. ವಿಜ್ಞಾನದ ಟೀಚರಾದ ನಾನೂ ಬಗ್ಗಿದೆ.